ಬಲಿಪೀಠದ ಮುಂದೆ ಎಲ್ಲರಿಗೂ ಸ್ಥಳ: ನ್ಯೂ ಆರ್ಲಿಯನ್ಸ್ ನಗರದ ಸಂತ ಅಗಸ್ಟೀನರ ದೇವಾಲಯದ ಚರಿತ್ರೆ



ದೇವಾಲಯವೊಂದರ ಶತಮಾನೋತ್ಸವವನ್ನು ಆಚರಿಸುವಾಗ ಅಡಿಗಲ್ಲನ್ನಿಟ್ಟವರು ಯಾರು, ಗಂಟೆಯನ್ನು ದಾನವಿತ್ತವರು ಯಾರು, ಯಾವ ಯಾವ ಗುರುಗಳು ಎಷ್ಟೆಷ್ಟು ವರ್ಷ ಸೇವೆ ಸಲ್ಲಿಸಿದರು ಎಂಬುದನ್ನು ಸ್ಮರಿಸುವುದು ರೂಢಿ. ಅದು ಯುಕ್ತವೂ ಹೌದು. ಕೃತಜ್ಞತೆ ಕ್ರೈಸ್ತ ಜೀವನದ ಲಕ್ಷಣ. ಆದರೆ ದೇವಾಲಯದ ಚರಿತ್ರೆಯನ್ನು ಅಳೆಯಲು ಇನ್ನೊಂದು ಅಳತೆಗೋಲೂ ಉಂಟು. ಈ ಮನೆಯಲ್ಲಿ ಯಾರಿಗೆ ಸ್ಥಳ ದೊರೆಯಿತು? ಹೊರಗಿನ ಲೋಕ ಯಾರನ್ನು ದೂರವಿರಿಸಿತೋ ಅವರನ್ನು ಒಳಗೆ ಎಲ್ಲಿ ಕೂರಿಸಲಾಯಿತು? ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಒಂದು ದೇವಾಲಯ ಅಮೆರಿಕ ಸಂಯುಕ್ತ ಸಂಸ್ಥಾನದ ಲೂಯಿಸಿಯಾನ ರಾಜ್ಯದಲ್ಲಿದೆ. ಅದು ನ್ಯೂ ಆರ್ಲಿಯನ್ಸ್ ನಗರದ ಟ್ರೆಮೇ ಎಂಬ ಬಡಾವಣೆಯಲ್ಲಿರುವ ಸಂತ ಅಗಸ್ಟೀನರ ದೇವಾಲಯ. ಆಫ್ರಿಕ ಮೂಲದ ಅಮೆರಿಕನ್ನರ ಕಥೋಲಿಕ ಚರಿತ್ರೆಯಲ್ಲಿ ಅದಕ್ಕೆ ವಿಶಿಷ್ಟ ಸ್ಥಾನವಿದೆ. ನಮ್ಮ ಹಬ್ಬದ ಈ ಶುಭ ಸಂದರ್ಭದಲ್ಲಿ ಅದರ ಕಥೆಯನ್ನು ನಿಮ್ಮ ಮುಂದಿಡುವುದು ಉಚಿತವೆಂದು ಭಾವಿಸುತ್ತೇನೆ.

ನಗರ ಮತ್ತು ಅದರ ಜನ

ನ್ಯೂ ಆರ್ಲಿಯನ್ಸ್ ನಗರವನ್ನು 1718ರಲ್ಲಿ ಸ್ಥಾಪಿಸಿದವರು ಫ್ರೆಂಚರು. ಮುಂದೆ ಅದು ಸ್ಪೇನಿನ ಆಡಳಿತಕ್ಕೆ ಸೇರಿ, 1803ರಲ್ಲಿ ಲೂಯಿಸಿಯಾನ ಪ್ರಾಂತವೆಲ್ಲ ಅಮೆರಿಕಕ್ಕೆ ಮಾರಾಟವಾಯಿತು. ಹೀಗಾಗಿ ಪ್ರೊಟೆಸ್ಟಂಟರೇ ಪ್ರಬಲರಾಗಿದ್ದ ಆ ದೇಶದಲ್ಲಿ ಈ ನಗರ ಮಾತ್ರ ಕಥೋಲಿಕ ನಗರವಾಗಿ ಉಳಿಯಿತು. ಆಫ್ರಿಕದಿಂದ ಸರಪಳಿಗಳಲ್ಲಿ ಬಿಗಿದು ತಂದ ಗುಲಾಮರಿಗೆ ಕಥೋಲಿಕ ಜ್ಞಾನಸ್ನಾನ ಕೊಡಿಸಬೇಕು, ಭಾನುವಾರ ಅವರನ್ನು ದುಡಿಸಕೂಡದು ಎಂದು 1724ರ ಫ್ರೆಂಚ್ ಶಾಸನ ವಿಧಿಸಿತ್ತು. ಅದೇ ಶಾಸನ ಅವರನ್ನು ಒಡೆಯರ ಚರಾಸ್ತಿಯೆಂದೂ ಎಣಿಸಿತ್ತು. ಆತ್ಮಕ್ಕೆ ಜ್ಞಾನಸ್ನಾನ, ದೇಹಕ್ಕೆ ಸಂಕೋಲೆ! ಈ ವೈರುಧ್ಯದ ನೆರಳಿನಲ್ಲಿಯೇ ಅಲ್ಲಿನ ಕಥೋಲಿಕ ಚರಿತ್ರೆ ಬೆಳೆಯಿತು.

ಬಿಳಿಯ ಒಡೆಯರು ಮತ್ತು ಕಪ್ಪು ಗುಲಾಮರ ನಡುವೆ ಅಲ್ಲಿ ಮೂರನೆಯ ವರ್ಗವೊಂದಿತ್ತು. ಬಿಡುಗಡೆ ಹೊಂದಿದ ಗುಲಾಮರು, ಅವರ ಮಕ್ಕಳು, ಮಿಶ್ರ ಸಂತತಿಯವರು ಇದರಲ್ಲಿ ಸೇರಿದ್ದರು. ಇವರನ್ನು ಸ್ವತಂತ್ರ ವರ್ಣೀಯರು ಎಂದು ಕರೆಯಬಹುದು. ಹೈಟಿಯ ಕ್ರಾಂತಿಯಿಂದ ಓಡಿಹೋಗಿ ಕ್ಯೂಬದಲ್ಲಿ ನೆಲಸಿದ್ದ ಸುಮಾರು 9,000 ಮಂದಿ 1809 ಮತ್ತು 1810ರಲ್ಲಿ ಈ ನಗರಕ್ಕೆ ಬಂದಾಗ ಈ ವರ್ಗದ ಸಂಖ್ಯೆ ಬಹಳ ಹೆಚ್ಚಿತು. ಅವರಲ್ಲಿ ಬಡಗಿಗಳು, ಗಾರೆ ಕೆಲಸದವರು, ಚಮ್ಮಾರರು, ದರ್ಜಿಗಳು, ಸಂಗೀತಗಾರರು, ವ್ಯಾಪಾರಿಗಳು ಇದ್ದರು. ಅವರು ಆಸ್ತಿ ಹೊಂದಬಹುದಿತ್ತು, ನ್ಯಾಯಾಲಯದಲ್ಲಿ ದಾವೆ ಹೂಡಬಹುದಿತ್ತು. ಮತ ನೀಡುವ ಹಕ್ಕು ಮಾತ್ರ ಇರಲಿಲ್ಲ. ಅವರಲ್ಲಿ ಕೆಲವರು ತಾವೇ ಗುಲಾಮರನ್ನು ಇಟ್ಟುಕೊಂಡಿದ್ದರೆಂಬುದೂ ಸತ್ಯ. ಚರಿತ್ರೆ ಬರೆಯುವವನು ಅದನ್ನು ಮರೆಮಾಚಬಾರದು.

ಹಳೆಯ ಫ್ರೆಂಚ್ ಪೇಟೆಯ ಹಿಂಬದಿಯ ಟ್ರೆಮೇ ತೋಟವನ್ನು ನಗರಾಡಳಿತ 1810ರಲ್ಲಿ ಕೊಂಡು, ನಿವೇಶನಗಳಾಗಿ ವಿಂಗಡಿಸಿ ಮಾರಿತು. ಸ್ವತಂತ್ರ ವರ್ಣೀಯರು ಅನೇಕರು ಅಲ್ಲಿ ನೆಲ ಕೊಂಡು ಮನೆ ಕಟ್ಟಿದರು. ಅಲ್ಲಿಗೆ ಸಮೀಪದಲ್ಲೇ ಕಾಂಗೋ ಚೌಕವಿತ್ತು. ಭಾನುವಾರ ಮಧ್ಯಾಹ್ನ ಗುಲಾಮರು ಒಂದೆಡೆ ಕಲೆತು ಡೋಲು ಬಾರಿಸಿ, ತಮ್ಮ ನಾಡಿನ ಹಾಡು ಹಾಡಿ ಕುಣಿಯುತ್ತಿದ್ದುದು ಆ ಬಯಲಿನಲ್ಲಿಯೇ. ಜಾಸ್ ಸಂಗೀತದ ಬೇರುಗಳನ್ನು ವಿದ್ವಾಂಸರು ಅಲ್ಲಿ ಗುರುತಿಸುತ್ತಾರೆ.

ಆಸನಗಳ ಸಮರ

ಟ್ರೆಮೇ ನಿವಾಸಿಗಳಾದ ಸ್ವತಂತ್ರ ವರ್ಣೀಯರು ತಮಗೊಂದು ದೇವಾಲಯ ಬೇಕೆಂದು ಬಿಷಪ್ ಆಂಟೋನಿ ಬ್ಲಾಂಕ್ ಅವರಲ್ಲಿ ಬಿನ್ನವಿಸಿ ಅನುಮತಿ ಪಡೆದರು. ಉರ್ಸುಲಿನ್ ಕನ್ಯಾಸ್ತ್ರೀಯರು ಅದಕ್ಕೆ ನೆಲವನ್ನಿತ್ತು, ದೇವಾಲಯಕ್ಕೆ ಸಂತ ಅಗಸ್ಟೀನರ ಹೆಸರಿಡಬೇಕೆಂದು ಕೋರಿದರೆಂಬುದು ಅಲ್ಲಿನ ಧರ್ಮಕೇಂದ್ರದ ಸಂಪ್ರದಾಯ. ಆ ಹೆಸರು ಎಷ್ಟು ಅರ್ಥಪೂರ್ಣವಾಗಿ ಒದಗಿತು! ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಜನಿಸಿ, ಹಿಪ್ಪೋ ಪಟ್ಟಣದ ಬಿಷಪರಾಗಿ ಜಗತ್ತಿನ ಧರ್ಮಸಭೆಗೇ ಬೋಧಕರಾದ ಅಗಸ್ಟೀನರು ಆಫ್ರಿಕದ ಮಗ. ಕಟ್ಟಡದ ನಕ್ಷೆಯನ್ನು ಸಿದ್ಧಪಡಿಸಿದವರು ಡಿ ಪುಯಿ ಎಂಬ ಫ್ರೆಂಚ್ ಶಿಲ್ಪಿ. 1842ರ ಅಕ್ಟೋಬರ್ 9ರಂದು ದೇವಾಲಯದ ಪ್ರತಿಷ್ಠಾಪನೆ ನೆರವೇರಿತು. ಎಟಿಯೆನ್ ರೂಸೆಲೋನ್ ಸ್ವಾಮಿಗಳು ಮೊದಲ ವಿಚಾರಣಾ ಗುರುಗಳಾದರು.

ಪ್ರತಿಷ್ಠಾಪನೆಗೆ ಮುನ್ನ ನಡೆದ ಒಂದು ಘಟನೆ ಆ ದೇವಾಲಯದ ಚರಿತ್ರೆಗೆ ಮುಕುಟಪ್ರಾಯವಾಗಿದೆ. ನಮ್ಮ ಹಳ್ಳಿಗಳ ಹಿರಿಯರು ನೆಲದ ಮೇಲೆ ಚಾಪೆ ಹಾಸಿ ಪೂಜೆಗೆ ಕೂರುತ್ತಿದ್ದುದನ್ನು ಬಲ್ಲ ನಮಗೆ ಆಗಿನ ಅಮೆರಿಕದ ಒಂದು ಪದ್ಧತಿ ವಿಚಿತ್ರವೆನಿಸಬಹುದು. ಅಲ್ಲಿ ದೇವಾಲಯದ ಬೆಂಚುಗಳನ್ನು ಕುಟುಂಬಗಳು ಹಣ ಕೊಟ್ಟು ತಮಗಾಗಿ ಪಡೆಯುತ್ತಿದ್ದವು. ಗುರುಗಳ ನಿರ್ವಹಣೆಗೂ ಕಟ್ಟಡದ ಸಾಲಕ್ಕೂ ಆ ಹಣವೇ ಆಧಾರ. ಹಣ ಕೊಡಲಾಗದವನು ಹಿಂದೆ ನಿಲ್ಲಬೇಕು. ಗುಲಾಮನ ಮಾತಂತೂ ಇಲ್ಲವೇ ಇಲ್ಲ. ತನ್ನ ಮೈಯೇ ತನ್ನದಲ್ಲದವನು ಬೆಂಚನ್ನು ಹೇಗೆ ಕೊಂಡಾನು?

ಸ್ವತಂತ್ರ ವರ್ಣೀಯರು ತಮ್ಮ ಕುಟುಂಬಗಳಿಗಾಗಿ ಬೆಂಚುಗಳನ್ನು ಕೊಳ್ಳತೊಡಗಿದರು. ಇದನ್ನು ಕೇಳಿದ ಸುತ್ತಲಿನ ಬಿಳಿಯರು ತಾವೇ ಹೆಚ್ಚು ಕೊಳ್ಳಲು ಮುಂದಾದರು. ಪೈಪೋಟಿ ಬೆಳೆಯಿತು. ಅದನ್ನು ಅಲ್ಲಿಯವರು ಇಂದಿಗೂ ಆಸನಗಳ ಸಮರವೆಂದು ಕರೆಯುತ್ತಾರೆ. ಧರ್ಮಕೇಂದ್ರದಲ್ಲಿ ಪರಂಪರೆಯಾಗಿ ಉಳಿದು ಬಂದ ವೃತ್ತಾಂತದ ಪ್ರಕಾರ, ಬಿಳಿಯರು ಒಂದು ಬೆಂಚು ಕೊಂಡರೆ ವರ್ಣೀಯರು ಮೂರು ಕೊಂಡರು. ಅಷ್ಟಕ್ಕೇ ನಿಲ್ಲದೆ, ಎರಡೂ ಪಕ್ಕದ ಸಾಲುಗಳ ಬೆಂಚುಗಳನ್ನೆಲ್ಲ ತಾವೇ ಕೊಂಡು ಅವನ್ನು ಗುಲಾಮರಿಗೆ ಬಿಟ್ಟುಕೊಟ್ಟರು. ಪ್ರತಿಷ್ಠಾಪನೆಯ ದಿನ ಒಂದೇ ಸೂರಿನಡಿ ಸ್ವತಂತ್ರ ವರ್ಣೀಯರು, ಬಿಳಿಯರು ಮತ್ತು ಎರಡು ಅಂಚುಗಳಲ್ಲಿ ತಮ್ಮದೇ ಆಸನಗಳಲ್ಲಿ ಕುಳಿತ ಗುಲಾಮರು ಒಂದೇ ಬಲಿಪೀಠದತ್ತ ಮುಖಮಾಡಿದ್ದರು.

ಬಂಧುಗಳೇ, ಈ ಚಿತ್ರವನ್ನು ಬಣ್ಣ ಬಳಿದು ನೋಡುವುದು ಬೇಡ. ಸಾಲುಗಳು ಬೇರೆಬೇರೆಯಾಗಿಯೇ ಇದ್ದವು. ಪೂಜೆ ಮುಗಿದ ಮೇಲೆ ಗುಲಾಮ ಒಡೆಯನ ಮನೆಗೇ ಮರಳಬೇಕಿತ್ತು. ಮರುದಿನ ಅವನನ್ನು ಸಂತೆಯಲ್ಲಿ ಮಾರಬಹುದಿತ್ತು. ಧರ್ಮಸಭೆಯ ಮಕ್ಕಳ ಕೈಗಳೂ ಶುದ್ಧವಾಗಿರಲಿಲ್ಲ. ಅದಕ್ಕೆ ನಾಲ್ಕು ವರ್ಷ ಹಿಂದೆ, 1838ರಲ್ಲಿ, ಮೇರಿಲ್ಯಾಂಡಿನ ಜೆಸ್ವಿತ್ ಸಂಸ್ಥೆ ತನ್ನ ಒಡೆತನದ 272 ಗುಲಾಮರನ್ನು ಲೂಯಿಸಿಯಾನದ ತೋಟಗಾರರಿಗೆ ಮಾರಿತ್ತು. ಮರುವರ್ಷ, 1839ರಲ್ಲಿ, ಜಗದ್ಗುರು ಹದಿನಾರನೆಯ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿ ಪ್ರೇಷಿತ ಪತ್ರ ಹೊರಡಿಸಿದರೂ ಆ ದೇಶದ ಕಥೋಲಿಕರಲ್ಲಿ ಅದಕ್ಕೆ ಕಿವಿಗೊಟ್ಟವರು ವಿರಳ. ಇಂಥ ಕಾಲದಲ್ಲಿ ಸ್ವಂತ ದುಡಿಮೆಯ ಹಣದಿಂದ ಗುಲಾಮನಿಗೆ ಆಸನ ಕೊಂಡುಕೊಟ್ಟ ಚಮ್ಮಾರ, ಬಡಗಿಗಳ ಕಾರ್ಯ ಎಂಥದೆಂಬುದನ್ನು ನೀವೇ ತೂಗಿ ನೋಡಿರಿ. ಸಂಕೋಲೆಯನ್ನು ಮುರಿಯುವ ಶಕ್ತಿ ಅವರಿಗಿರಲಿಲ್ಲ. ದೇವರ ಮನೆಯಲ್ಲಿ ಸ್ಥಳ ಮಾಡಿಕೊಡುವ ಶಕ್ತಿಯಿತ್ತು. ಇದ್ದುದನ್ನು ಅವರು ಬಳಸಿದರು.

ಪೂಜನೀಯ ಹೆನ್ರಿಯೆಟ್ ಡೆಲಿಲ್

ಪ್ರತಿಷ್ಠಾಪನೆಯಾಗಿ ಆರು ವಾರಗಳು ಕಳೆದಿದ್ದವು. 1842ರ ನವೆಂಬರ್ 21, ದೇವಮಾತೆಯನ್ನು ಕಾಣಿಕೆಯಾಗಿ ಅರ್ಪಿಸಿದ ಹಬ್ಬ. ಅಂದು ಹೆನ್ರಿಯೆಟ್ ಡೆಲಿಲ್ ಮತ್ತು ಜೂಲಿಯೆಟ್ ಗೋಡಿನ್ ಎಂಬ ಇಬ್ಬರು ವರ್ಣೀಯ ಮಹಿಳೆಯರು ಈ ದೇವಾಲಯದ ಬಲಿಪೀಠದ ಮುಂದೆ ಮೊಣಕಾಲೂರಿ, ಅನಾಥರು, ಅಶಿಕ್ಷಿತರು, ರೋಗಿಗಳು ಮತ್ತು ವೃದ್ಧರ ಸೇವೆಗೆ ತಮ್ಮನ್ನು ಸಮರ್ಪಿಸಿಕೊಂಡರು. ಪವಿತ್ರ ಕುಟುಂಬದ ಸಹೋದರಿಯರ ಸಭೆ ಹುಟ್ಟಿದ್ದು ಹೀಗೆ. 1829ರಲ್ಲಿ ಬಾಲ್ಟಿಮೋರಿನಲ್ಲಿ ಮದರ್ ಮೇರಿ ಲ್ಯಾಂಗ್ ಆರಂಭಿಸಿದ ಸಭೆಯ ನಂತರ, ಅಮೆರಿಕದ ಕಪ್ಪು ಜನಾಂಗದ ಕನ್ಯಾಸ್ತ್ರೀಯರ ಎರಡನೆಯ ಸಭೆಯಿದು.

ಹೆನ್ರಿಯೆಟ್ ಅವರ ನಿರ್ಧಾರದ ಹಿರಿಮೆ ತಿಳಿಯಬೇಕಾದರೆ ಅವರು ಬಿಟ್ಟು ಬಂದ ಬದುಕನ್ನು ತಿಳಿಯಬೇಕು. ಕಾನೂನು ಬಿಳಿಯರಿಗೂ ವರ್ಣೀಯರಿಗೂ ವಿವಾಹವನ್ನು ನಿಷೇಧಿಸಿತ್ತು. ಆದ್ದರಿಂದ ವರ್ಣೀಯ ಹೆಣ್ಣುಮಕ್ಕಳು ಸಿರಿವಂತ ಬಿಳಿಯರ ಆಶ್ರಯದಲ್ಲಿ ವಿವಾಹವಿಲ್ಲದ ಸಂಸಾರ ನಡೆಸುವುದು ರೂಢಿಯಾಗಿತ್ತು. ಅಂಥ ಸಂಬಂಧ ಕುದುರಿಸಲು ನೃತ್ಯಕೂಟಗಳು ಏರ್ಪಡುತ್ತಿದ್ದವು. ಹೆನ್ರಿಯೆಟ್ ಅವರ ಮನೆತನದ ಹೆಂಗಸರೂ ಹಾಗೆಯೇ ಬಾಳಿದ್ದರು. ಆ ಸುಖದ ದಾರಿಯನ್ನು ಅವರು ತಿರಸ್ಕರಿಸಿದರು. ವಿವಾಹ ಪವಿತ್ರ ಸಂಸ್ಕಾರವೆಂಬ ಸತ್ಯವನ್ನು ತಮ್ಮ ಜನಕ್ಕೆ ಬೋಧಿಸುವುದನ್ನೇ ಸೇವೆಯಾಗಿ ಕೈಗೊಂಡರು. ಜ್ಞಾನಸ್ನಾನ ಮತ್ತು ವಿವಾಹಗಳ ಹಳೆಯ ದಾಖಲೆ ಪುಸ್ತಕಗಳನ್ನು ತೆರೆದರೆ, ಗುಲಾಮರ ಮಕ್ಕಳಿಗೆ ಜ್ಞಾನಮಾತೆಯಾಗಿ, ಗುಲಾಮ ದಂಪತಿಗಳಿಗೆ ಸಾಕ್ಷಿಯಾಗಿ ಅವರ ಹೆಸರು ಮತ್ತೆ ಮತ್ತೆ ಕಾಣಸಿಗುತ್ತದೆ. ಗುಲಾಮರಿಗೆ ಓದು ಕಲಿಸುವುದು 1830ರ ಕಾನೂನಿನಂತೆ ಅಪರಾಧ. ಆದ್ದರಿಂದ ಜಪ, ಧರ್ಮೋಪದೇಶಗಳನ್ನು ಬಾಯಿಪಾಠವಾಗಿಯೇ ಕಲಿಸಿದರು. ದಿಕ್ಕಿಲ್ಲದ ಮುದುಕರಿಗಾಗಿ ಅವರು ತೆರೆದ ಆಶ್ರಯಧಾಮ ಅಮೆರಿಕದ ಅತ್ಯಂತ ಹಳೆಯ ಕಥೋಲಿಕ ವೃದ್ಧಾಶ್ರಮಗಳಲ್ಲೊಂದು.

ಹೆನ್ರಿಯೆಟ್ 1862ರ ನವೆಂಬರಿನಲ್ಲಿ ನಿಧನರಾದರು. ಕನ್ಯಾಸ್ತ್ರೀಯರ ಉಡುಪನ್ನು ಬಹಿರಂಗವಾಗಿ ಧರಿಸುವ ಅವಕಾಶ ಅವರಿಗೆ ಜೀವಮಾನದಲ್ಲಿ ದೊರೆಯಲಿಲ್ಲ. ಅವರ ಸಹೋದರಿಯರಿಗೆ ಅದು ಒದಗಿದ್ದು 1872ರಲ್ಲಿ. 1881ರಲ್ಲಿ ಆ ಸಹೋದರಿಯರು ಆರ್ಲಿಯನ್ಸ್ ಬೀದಿಯ ಹಳೆಯ ನೃತ್ಯಶಾಲೆಯನ್ನೇ ಕೊಂಡು, ಅದನ್ನು ತಮ್ಮ ಮಠವಾಗಿ, ಹೆಣ್ಣುಮಕ್ಕಳ ಶಾಲೆಯಾಗಿ ಮಾರ್ಪಡಿಸಿದರು. ವರ್ಣೀಯ ಕನ್ಯೆಯರನ್ನು ಬಿಳಿಯರ ಕಣ್ಣಿಗೆ ಒಡ್ಡುತ್ತಿದ್ದ ಮನೆಯಲ್ಲಿ ಜಪಸರದ ದನಿ ಕೇಳಿತು! ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2010ರ ಮಾರ್ಚಿನಲ್ಲಿ ಹೆನ್ರಿಯೆಟ್ ಡೆಲಿಲ್ ಅವರನ್ನು ಪೂಜನೀಯರೆಂದು ಸಾರಿದರು. ದೇವಾಲಯದ ಪಕ್ಕದ ಬೀದಿಗೆ ಈಗ ಅವರದೇ ಹೆಸರು.

ರೈಲು ಡಬ್ಬಿಯಿಂದ ದೇವಾಲಯದ ಹಿಂದಿನ ಬೆಂಚಿನವರೆಗೆ

ಅಂತರ್ಯುದ್ಧದ ಕೊನೆಯಲ್ಲಿ, 1865ರಲ್ಲಿ, ಸಂವಿಧಾನದ ತಿದ್ದುಪಡಿಯಿಂದ ಅಮೆರಿಕದಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ವರ್ಣಭೇದ ಬೇರೆ ವೇಷದಲ್ಲಿ ಮರಳಿ ಬಂದಿತು. 1890ರಲ್ಲಿ ಲೂಯಿಸಿಯಾನದ ಶಾಸನಸಭೆ ರೈಲುಗಳಲ್ಲಿ ಬಿಳಿಯರಿಗೂ ವರ್ಣೀಯರಿಗೂ ಬೇರೆಬೇರೆ ಡಬ್ಬಿಗಳಿರಬೇಕೆಂದು ಕಾನೂನು ಮಾಡಿತು. ಅದನ್ನು ಎದುರಿಸಲು ನಗರದ ವರ್ಣೀಯ ಮುಖಂಡರು 1891ರಲ್ಲಿ ನಾಗರಿಕರ ಸಮಿತಿಯನ್ನು ಕಟ್ಟಿದರು. ಆ ಸಮಿತಿಯ ಪರವಾಗಿ, 1892ರ ಜೂನ್ 7ರಂದು, ಹೋಮರ್ ಪ್ಲೆಸ್ಸಿ ಎಂಬ ಚಮ್ಮಾರ ಬಿಳಿಯರ ಡಬ್ಬಿಯಲ್ಲಿ ಕುಳಿತು, ಏಳಲು ನಿರಾಕರಿಸಿ ಬಂಧನಕ್ಕೊಳಗಾದನು. ಈತ ಟ್ರೆಮೇ ನಿವಾಸಿ. 1888ರಲ್ಲಿ ಈತನ ವಿವಾಹ ನಡೆದದ್ದು ಸಂತ ಅಗಸ್ಟೀನರ ದೇವಾಲಯದಲ್ಲಿ. ಗುಲಾಮರಿಗೂ ಆಸನ ಕೊಟ್ಟ ದೇವಾಲಯದ ಮಗನೊಬ್ಬ ರೈಲಿನ ಆಸನಕ್ಕಾಗಿ ಸೆರೆಗೆ ಹೋದದ್ದು ಎಂಥ ಹೊಂದಿಕೆ!

1896ರ ಮೇ 18ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಪ್ಲೆಸ್ಸಿಗೆ ವಿರುದ್ಧವಾಗಿ ತೀರ್ಪಿತ್ತಿತು. ಏಳು ನ್ಯಾಯಾಧೀಶರು ಒಂದೆಡೆ. ಭಿನ್ನಮತ ಬರೆದವರು ಜಸ್ಟಿಸ್ ಹಾರ್ಲನ್ ಒಬ್ಬರೇ. ಸೌಲಭ್ಯ ಸಮಾನವಾಗಿದ್ದರೆ ಪ್ರತ್ಯೇಕತೆ ತಪ್ಪಲ್ಲವೆಂಬ ಆ ತತ್ತ್ವ 1954ರವರೆಗೆ, ಶಾಲೆಗಳ ವಿಷಯದಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕುವವರೆಗೆ, ಆಳಿತು. ಪ್ಲೆಸ್ಸಿ 1925ರಲ್ಲಿ ಅಪರಾಧಿಯೆಂಬ ಹಣೆಪಟ್ಟಿ ಹೊತ್ತೇ ತೀರಿಕೊಂಡನು. ರಾಜ್ಯಪಾಲರು ಅವನಿಗೆ ಮರಣೋತ್ತರ ಕ್ಷಮಾದಾನ ನೀಡಿದ್ದು 2022ರ ಜನವರಿ 5ರಂದು.

ಹೊರಗಿನ ಗಾಳಿ ದೇವಾಲಯಗಳೊಳಗೂ ನುಗ್ಗಿತು. 1895ರಲ್ಲಿ ಮಹಾಧರ್ಮಾಧ್ಯಕ್ಷ ಜಾನ್ಸೆನ್ಸರು ನ್ಯೂ ಆರ್ಲಿಯನ್ಸಿನಲ್ಲಿ ಕಪ್ಪು ಜನರಿಗಾಗಿ ಸಂತ ಕ್ಯಾಥರಿನರ ಪ್ರತ್ಯೇಕ ದೇವಾಲಯ ತೆರೆದರು. ಅವಮಾನವಿಲ್ಲದೆ ಪ್ರಾರ್ಥಿಸಲು ಅವರಿಗೊಂದು ಸ್ಥಳವಿರಲೆಂಬುದು ಅವರ ಸದುದ್ದೇಶ. ಅನೇಕ ವರ್ಣೀಯ ಕಥೋಲಿಕರು ಅದನ್ನು ವಿರೋಧಿಸಿದರು. ಒಂದೇ ಬಲಿಪೀಠವನ್ನು ಎರಡಾಗಿ ಸೀಳುವ ದಾರಿಯಿದು ಎಂಬುದು ಅವರ ಆತಂಕ. ಕಾಲ ಅವರ ಆತಂಕವನ್ನು ನಿಜ ಮಾಡಿತು. ಪ್ರತ್ಯೇಕ ಧರ್ಮಕೇಂದ್ರಗಳು ಬೆಳೆದವು. ಮಿಶ್ರ ದೇವಾಲಯಗಳಲ್ಲಿ ಕಪ್ಪು ಜನರು ಹಿಂದಿನ ಬೆಂಚುಗಳಲ್ಲಿ ಕುಳಿತು, ಬಿಳಿಯರ ಸರದಿ ಮುಗಿದ ಮೇಲೆ ಪರಮಪ್ರಸಾದ ಸ್ವೀಕರಿಸಬೇಕಾಯಿತು. ಆ ಕತ್ತಲಲ್ಲೂ ದೀಪಗಳಿದ್ದವು. ಮುಂದೆ ಸಂತ ಪದವಿಗೇರಿದ ಮದರ್ ಕ್ಯಾಥರಿನ್ ಡ್ರೆಕ್ಸೆಲರು 1915ರಲ್ಲಿ ಅದೇ ನಗರದಲ್ಲಿ ಆರಂಭಿಸಿದ ಶಾಲೆ ಬೆಳೆದು ಝೇವಿಯರ್ ವಿಶ್ವವಿದ್ಯಾನಿಲಯವಾಯಿತು. ನೆರೆಯ ಮಿಸಿಸಿಪಿ ರಾಜ್ಯದಲ್ಲಿ ದೈವವಾಕ್ಯ ಸಭೆಯ ಗುರುಗಳು ಕಪ್ಪು ಯುವಕರಿಗಾಗಿ ತೆರೆದ ಗುರುಮಠಕ್ಕೂ ಸಂತ ಅಗಸ್ಟೀನರದೇ ಹೆಸರು. ಅಲ್ಲಿಂದ 1934ರಲ್ಲಿ ಮೊದಲ ನಾಲ್ವರು ಗುರುದೀಕ್ಷೆ ಪಡೆದರು.

ಕೊನೆಗೆ ಧರ್ಮಸಭೆಯ ದನಿ ಸ್ಪಷ್ಟವಾಯಿತು. ಮಹಾಧರ್ಮಾಧ್ಯಕ್ಷ ಜೋಸೆಫ್ ರಮ್ಮೆಲರು 1953ರ ಪ್ರಬೋಧನ ಪತ್ರದಲ್ಲಿ, ಬೆಂಚುಗಳಲ್ಲಾಗಲಿ ಪರಮಪ್ರಸಾದದ ಕಟಾಂಜನದ ಬಳಿಯಾಗಲಿ ಭೇದ ಸಲ್ಲದೆಂದು ಆಜ್ಞಾಪಿಸಿದರು. 1955ರಲ್ಲಿ ಒಂದು ಊರಿನ ಬಿಳಿಯರು ಕಪ್ಪು ಗುರುವೊಬ್ಬರು ಪೂಜೆ ಅರ್ಪಿಸದಂತೆ ತಡೆದಾಗ ಆ ಊರಿನ ಪೂಜೆಗಳನ್ನೇ ನಿಲ್ಲಿಸಿದರು. 1956ರಲ್ಲಿ ವರ್ಣಭೇದ ಪಾಪವೆಂದು ಸಾರಿದರು. 1962ರಲ್ಲಿ ಕಥೋಲಿಕ ಶಾಲೆಗಳ ಬಾಗಿಲನ್ನು ಎಲ್ಲರಿಗೂ ತೆರೆದು, ಪ್ರತಿಭಟಿಸಿ ನಿಂತ ಮೂವರನ್ನು ಧರ್ಮಸಭೆಯಿಂದ ಬಹಿಷ್ಕರಿಸಿದರು. 1966ರಲ್ಲಿ ಅದೇ ನಗರಕ್ಕೆ ಹೆರಾಲ್ಡ್ ಪೆರಿ ಎಂಬ ಕಪ್ಪು ಗುರುಗಳು ಸಹಾಯಕ ಬಿಷಪರಾಗಿ ಅಭಿಷಿಕ್ತರಾದರು.

ಬಿರುಗಾಳಿಯ ನಂತರ

ನಮ್ಮ ಕಾಲಕ್ಕೆ ಬರೋಣ. 1990ರಲ್ಲಿ ದೈವವಾಕ್ಯ ಸಭೆಯ ಜೆರೋಮ್ ಲೆಡೂ ಸ್ವಾಮಿಗಳು ಸಂತ ಅಗಸ್ಟೀನರ ವಿಚಾರಣಾ ಗುರುಗಳಾಗಿ ಬಂದರು. ಎರಡನೆಯ ವ್ಯಾಟಿಕನ್ ಮಹಾಸಭೆ ತೆರೆದ ದಾರಿಯಲ್ಲಿ ಆಫ್ರಿಕದ ಡೋಲು, ಜಾಸ್ ವಾದ್ಯಗಳು ಬಲಿಪೂಜೆಯಲ್ಲಿ ದೇವರ ಸ್ತುತಿಗೆ ದನಿಗೂಡಿದವು. 2004ರ ಅಕ್ಟೋಬರ್ 30ರಂದು ದೇವಾಲಯದ ಹೊರಗೋಡೆಯ ಪಕ್ಕದಲ್ಲಿ ಅಜ್ಞಾತ ಗುಲಾಮನ ಸಮಾಧಿಯನ್ನು ಆಶೀರ್ವದಿಸಲಾಯಿತು. ಹಡಗಿನ ದಪ್ಪ ಸರಪಳಿಯಿಂದ ಮಾಡಿದ ಒಂದು ದೊಡ್ಡ ಶಿಲುಬೆ ವಾಲಿಕೊಂಡಿದೆ. ಅದಕ್ಕೆ ಬೇಡಿಗಳು ತೂಗುಬಿದ್ದಿವೆ. ಸುತ್ತ ಚಿಕ್ಕ ಶಿಲುಬೆಗಳು. ಹೆಸರಿಲ್ಲದೆ, ಗುರುತಿಲ್ಲದೆ, ಅಂತಿಮ ಪ್ರಾರ್ಥನೆಯಿಲ್ಲದೆ ಮಣ್ಣಾದವರ ನೆನಪಿಗೆ ಅದು ಮೀಸಲು. ಬದುಕಿದ್ದಾಗ ಆಸನ ಪಡೆದವರ ಬಳಗಕ್ಕೆ ಸತ್ತ ಮೇಲೂ ಒಂದು ಸ್ಥಳ ದೊರೆಯಿತು.

ಮರುವರ್ಷ, 2005ರ ಆಗಸ್ಟ್ 29ರಂದು, ಕತ್ರಿನಾ ಎಂಬ ಚಂಡಮಾರುತ ಬಂದಪ್ಪಳಿಸಿತು. ಒಡ್ಡುಗಳೊಡೆದು ನಗರದ ಬಹುಭಾಗ ನೀರಿನಲ್ಲಿ ಮುಳುಗಿತು. ಸಂತ ಅಗಸ್ಟೀನರ ಕಟ್ಟಡ ಹೆಚ್ಚು ಹಾನಿಯಿಲ್ಲದೆ ಉಳಿಯಿತು. ಆದರೆ ಜನ ಚದುರಿಹೋದರು. ಗುರುಗಳ ಕೊರತೆ, ಭಕ್ತರ ಇಳಿಮುಖ, ಹಣದ ಅಡಚಣೆಗಳಿಂದ ಕಂಗೆಟ್ಟ ಮಹಾಧರ್ಮಪ್ರಾಂತ್ಯ 2006ರಲ್ಲಿ ಈ ಧರ್ಮಕೇಂದ್ರವನ್ನು ಮುಚ್ಚಿ ನೆರೆಯ ಸಂತ ಪೀಟರ್ ಕ್ಲೇವರರ ಧರ್ಮಕೇಂದ್ರದೊಡನೆ ಸೇರಿಸಲು ನಿರ್ಧರಿಸಿತು. ಭಕ್ತರು ನೊಂದರು. ಪ್ರತಿಭಟನೆಕಾರರು ಕೆಲವರು ಗುರುನಿವಾಸದೊಳಗೆ ಬೀಡುಬಿಟ್ಟರು. ಒಂದು ಭಾನುವಾರ ಪೂಜೆಗೇ ಅಡ್ಡಿಯಾಯಿತು. ಅಂತೂ ಮಾತುಕತೆ ನಡೆದು, ಏಪ್ರಿಲಿನಲ್ಲಿ ಷರತ್ತುಗಳೊಂದಿಗೆ ಧರ್ಮಕೇಂದ್ರ ಮತ್ತೆ ತೆರೆಯಿತು. ಲೆಡೂ ಸ್ವಾಮಿಗಳು ಬೇರೆಡೆಗೆ ವರ್ಗವಾದರು. ಅವರು 2019ರಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು.

ಗುರುವಾಗಿ ನಾನು ಈ ಪ್ರಸಂಗವನ್ನು ಎರಡೂ ಕಡೆಯಿಂದ ನೋಡುತ್ತೇನೆ. ಪೂಜೆಗೆ ಅಡ್ಡಿಯಾದದ್ದನ್ನು ಮೆಚ್ಚಲಾರೆ. ಜನರಿಲ್ಲದ ಧರ್ಮಕೇಂದ್ರಗಳನ್ನು ಹೊರೆಹೊತ್ತು ನಡೆಸುವ ಬಿಷಪರ ಸಂಕಟವನ್ನೂ ಬಲ್ಲೆ. ಆದರೂ ಆ ಭಕ್ತರನ್ನು ಬರಿಯ ಹಟಮಾರಿಗಳೆನ್ನಲಾಗದು. ಧರ್ಮಸಭೆಯಿಂದಲೇ ಹಿಂದಿನ ಬೆಂಚಿಗೆ ತಳ್ಳಿಸಿಕೊಂಡಿದ್ದ ಜನ ಅವರು. ಬೇಕಿದ್ದರೆ ಎಂದೋ ಬಿಟ್ಟು ಹೋಗಬಹುದಿತ್ತು; ಹೋದವರೂ ಇದ್ದಾರೆ. ಉಳಿದವರು ಬಿಷಪರೊಡನೆ ವಾದಿಸಿದ್ದು ಹೊರಗೆ ನಿಂತಲ್ಲ, ತಮ್ಮ ತಾಯಮನೆಯೆಂಬ ಹಕ್ಕಿನಿಂದ ಒಳಗೇ ನಿಂತು. ಮಗ ತಾಯಿಯೊಡನೆ ಜಗಳವಾಡುವುದು ಮನೆ ತನ್ನದೆಂದು ನಂಬಿರುವವರೆಗೆ ಮಾತ್ರ.

2021ರಲ್ಲಿ ಐಡಾ ಚಂಡಮಾರುತ ಆ ಕಟ್ಟಡಕ್ಕೆ ಮತ್ತೆ ಪೆಟ್ಟು ಕೊಟ್ಟಿತು. 2025ರ ಮೇ 8ರಂದು ಇನ್ನೊಂದು ಬಗೆಯ ಸುದ್ದಿ ಆ ನಗರವನ್ನು ತಲಪಿತು. ಅಂದು ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಸಂತ ಅಗಸ್ಟೀನರ ಸಭೆಯ ಗುರುಗಳು. ಅವರ ತಾಯಿಯ ತಂದೆತಾಯಿಗಳು ಟ್ರೆಮೇಗೆ ಹೊಂದಿಕೊಂಡ ಏಳನೆಯ ವಾರ್ಡಿನಲ್ಲಿ ವಾಸವಾಗಿದ್ದವರು. ಅಂದಿನ ಜನಗಣತಿ ಅವರನ್ನು ಕಪ್ಪು ಜನರೆಂದು ದಾಖಲಿಸಿತ್ತು. ಹಿಂದಿನ ಬೆಂಚಿಗೆ ದೂಡಲ್ಪಟ್ಟವರ ಮೊಮ್ಮಗ ಸಂತ ಪೇತ್ರರ ಪೀಠವನ್ನೇರಿದರು.

ನಮಗೆ ಇದರ ಪಾಠ

ಈ ಕಥೆ ದೂರದ್ದೆಂದು ತಿಳಿಯಬಾರದು. ಆಫ್ರಿಕದಿಂದ ಗುಲಾಮರನ್ನು ಹೊತ್ತ ಹಡಗುಗಳು ಗೋವೆಗೂ ಬಂದಿದ್ದವು. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡುಗಳಂಚಿನಲ್ಲಿ ಬಾಳುವ ಸಿದ್ದಿ ಬಾಂಧವರಲ್ಲಿ ಆ ಗುಲಾಮರ ಸಂತತಿಯವರಿದ್ದಾರೆ. ಅವರಲ್ಲಿ ಅನೇಕರು ನಮ್ಮಂತೆಯೇ ಕಥೋಲಿಕರು. ಇನ್ನು ಜಾತಿಯ ಮಾತು. ತಮಿಳುನಾಡಿನ ವಡಕ್ಕನ್‌ಕುಳಂ ದೇವಾಲಯದಲ್ಲಿ ಜಾತಿಜಾತಿಗಳನ್ನು ಬೇರ್ಪಡಿಸಲು ಗೋಡೆಯನ್ನೇ ಎಬ್ಬಿಸಿದ್ದರು. ಅದನ್ನು ಕೆಡವಿದ್ದು 1910ರಲ್ಲಿ. ಕಲ್ಲಿನ ಗೋಡೆಯನ್ನು ಒಂದೇ ದಿನದಲ್ಲಿ ಕೆಡವಬಹುದು. ಮನಸ್ಸಿನ ಗೋಡೆಗೆ ಹೆಚ್ಚು ಕಾಲ ಬೇಕು. ಮದುವೆಯ ಊಟದ ಪಂಕ್ತಿಯಲ್ಲಿ, ಸ್ಮಶಾನದ ಮೂಲೆಗಳಲ್ಲಿ, ಹಬ್ಬದ ಸಮಿತಿಗಳಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ನಾವೇ ಪ್ರಾಮಾಣಿಕವಾಗಿ ಪರೀಕ್ಷಿಸಿಕೊಳ್ಳಬೇಕು.

ನಮ್ಮ ದೇವಾಲಯ ನೂರು ವರ್ಷ ಬಾಳಿತು. ಇನ್ನು ನೂರು ವರ್ಷಗಳ ಮೇಲೆ ಇದರ ಚರಿತ್ರೆ ಬರೆಯುವವರು ನಾವು ಹಾಸಿದ ಅಮೃತಶಿಲೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡಬಹುದು. ನಾವು ಯಾರಿಗಾಗಿ ಸರಿದು ಕುಳಿತೆವೆಂಬುದನ್ನು ಮಾತ್ರ ಅವರು ಮರೆಯಲಾರರು. ಟ್ರೆಮೇಯ ಬಡಗಿ, ಚಮ್ಮಾರರು ತಮ್ಮ ಹಣದಿಂದ ಕೊಂಡ ಬೆಂಚುಗಳು ಅದಕ್ಕೆ ಸಾಕ್ಷಿ. ತನ್ನ ಔತಣಕ್ಕೆ ಬೀದಿಬೀದಿಗಳಿಂದ ಬಡವರನ್ನೂ ಊನರನ್ನೂ ಕರೆತರಲು ಹೇಳಿದ ಒಡೆಯನ ಸಾಮತಿಯನ್ನು ನಮಗೆ ಕಲಿಸಿದ ಪ್ರಭು ಕ್ರಿಸ್ತರು ನಮ್ಮ ಧರ್ಮಕೇಂದ್ರದ ಪ್ರತಿ ಕುಟುಂಬಕ್ಕೂ ಆ ಉದಾರ ಹೃದಯವನ್ನು ಅನುಗ್ರಹಿಸಲಿ. ಪೂಜನೀಯ ಹೆನ್ರಿಯೆಟ್ ಡೆಲಿಲ್ ಅವರು ಬೇಗನೆ ಸಂತರ ಸಾಲಿಗೆ ಸೇರಲೆಂದು ಪ್ರಾರ್ಥಿಸೋಣ.